ಖಾಲಿ ಸೀಟಿನ ಸದ್ದು

ಸೋಮನಗಡದ ಪ್ರಜೆಗಳೆಲ್ಲ ಕೇಳಬೇಕು. ದೊರೆ ವೀರಭೂಪಾಲರ ಕಾರಿನೊಳಗೆ ಮೂರು ಸದ್ದುಗಳು ಸೇರಿಕೊಂಡಿವೆ. ದೊರೆಗಳೇ ಒಗಟು ಹೇಳುತ್ತಾರೆ. ಮೂಲ ತೋರಿಸಿ ಸದ್ದು ನಿಲ್ಲಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು; ತಪ್ಪಿದವರಿಗೆ ಅಮಾವಾಸ್ಯೆಯಂದು ಗಲ್ಲು.

ಡಂಗುರ ಕೇಳಿದಾಗ ಪಿಂಜಾರರ ದಾದಾಪೀರ ಗಾದಿ ಹೊಲಿಯುತ್ತಿದ್ದ. ಸೂಜಿ ಬೆರಳಿಗೆ ಚುಚ್ಚಿದ್ದೂ ತಿಳಿಯಲಿಲ್ಲ. ಆ ಕಾರಿನ ಡ್ರೈವರ್ ಇಮಾಮಸಾಬ ಅವನ ಅಣ್ಣ. ಸದ್ದು ಪತ್ತೆಹಚ್ಚಲಾರದೆ ಎಲ್ಲರಿಗಿಂತ ಮೊದಲು ಸೆರೆಮನೆ ಸೇರಿದವನು. ಆಮೇಲೆ ಗ್ಯಾರೇಜಿನ ಮೇಸ್ತ್ರಿ ಎಂಜಿನ್ ಬಿಚ್ಚಿ ಸೋತ. ಅರಮನೆಯ ಜೋಯಿಸ, ಅದು ತೀರಿಹೋದ ರಾಣಿಯವರ ಆತ್ಮವೆಂದ. ಹಾಗಾದರೆ ಅವಳು ಏನು ಹೇಳುತ್ತಿದ್ದಾಳೆ ಎಂದು ದೊರೆ ಕೇಳಿದಾಗ ತಡವರಿಸಿದ. ಅವನೂ ಒಳಗೆ ಹೋದ.

ಅಮಾವಾಸ್ಯೆ ಮರುದಿನವೇ ಇತ್ತು. ದಾದಾಪೀರ ಸೆರೆಮನೆಯ ಕಿಟಕಿಗೆ ಹೋದ.

"ನೀ ಬರಬ್ಯಾಡೋ ಪೀರಾ," ಅಂದ ಅಣ್ಣ. "ಅವ್ವಗ ಒಬ್ಬ ಮಗನಾದರೂ ಉಳೀಲಿ."

"ನಿನ್ನ ಬಿಟ್ಟು ಹೋದರೆ ಅವ್ವ ನನ್ನ ಮನ್ಯಾಗ ಇಟ್ಟುಕೊಳ್ಳೂದಿಲ್ಲ," ಅಂದು ತಮ್ಮ ಅರಮನೆಯ ದಾರಿ ಹಿಡಿದ.

ದೊರೆಯ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಮದ್ದಳೆಗೆ ಗರಗರ ಕುಣಿಯುತ್ತದೆ, ಕೊಳಲಿಗೆ ಮಲಗಿಬಿಡುತ್ತದೆ, ಏನದು ಎಂದರು. ದಾದಾಪೀರ ಕಾರಿನಲ್ಲಿ ಮದ್ದಳೆಯ ಹಾಡು ಹಚ್ಚಿಸಿ ಅಂಗೈಯನ್ನು ಒಂದೊಂದು ಸ್ಪೀಕರಿನ ಮೇಲೂ ಇಟ್ಟ. ಹತ್ತಿ ಬಡಿಯುವ ಬಿಲ್ಲಿನ ನಡುಕ ಅವನ ಕೈಗೆ ಹುಟ್ಟಿನಿಂದ ಗೊತ್ತು. ಡ್ಯಾಶ್‌ಬೋರ್ಡಿನ ಸ್ಪೀಕರಿನ ಜಾಲರಿ ಬಿಚ್ಚಿದರೆ ಒಳಗೆ ಅಕ್ಕಿಕಾಳು. ಆಯುಧಪೂಜೆಯಲ್ಲಿ ಎರಚಿದ ಅಕ್ಷತೆ ಸಂದಿಯಲ್ಲಿ ಇಳಿದಿತ್ತು. ಕಾಳು ತೆಗೆದದ್ದೇ ಗರಗರ ನಿಂತಿತು.

ಬೆಳಗಿನ ಚಳಿಯಲ್ಲಿ ಕಿರುಗುಡುತ್ತದೆ, ಬಿಸಿಲೇರಿದರೆ ಬಾಯಿ ಮುಚ್ಚುತ್ತದೆ, ಅದೇನು ಎಂದು ದೊರೆ ಎರಡನೆಯದನ್ನು ಕೇಳಿದರು. ಅವನು ಬಾಗಿಲುಗಳ ಒಳಹಲಗೆಗಳನ್ನು ಒಂದೊಂದಾಗಿ ಒತ್ತಿದ. ಎಡಬಾಗಿಲಿನದು ಕಿರುಗುಟ್ಟಿತು. ಚಳಿಗೆ ಹಲಗೆ ಕುಗ್ಗಿ ಸಂದಿ ಬಿಡುತ್ತಿತ್ತು. ಕಾದಾಗ ಹಿಗ್ಗಿ ಬಿಗಿಯುತ್ತಿತ್ತು. ಗಾದಿಯ ಅರಿವೆಯ ಪಟ್ಟಿಯೊಂದನ್ನು ಸಂದಿಗೆ ತುರುಕಿದ.

ಮೂರನೆಯದನ್ನು ದೊರೆ ಸ್ಟೀರಿಂಗಿನ ಮುಂದೆ ಕೂತು ಕೇಳಿದರು.

"ಕೂತವರಿದ್ದಾಗ ಮೌನ. ಕೂತವರು ಹೋದ ಮೇಲೆ ಮಾತು. ಅದು ಯಾರು?"

ತಾವೇ ಕಾರು ನಡೆಸಿದರು. ದಾದಾಪೀರನನ್ನು ಹಿಂದೆ ಕೂರಿಸಿದರು. ಪಕ್ಕದ ಸೀಟು ರಾಣಿಯವರದು; ಅವರು ತೀರಿದ ಮೇಲೆ ಅದನ್ನು ಮುಟ್ಟಿದವರಿಗೆ ಮರಣವೆಂಬ ಆಜ್ಞೆಯಿತ್ತು. ಗುಂಡಿಯ ರಸ್ತೆ ಬಂದದ್ದೇ ಟಕ್, ಟಕ್, ಟಕ್ ಎಂದಿತು. ದೊರೆಯ ಬೆನ್ನು ಸೆಟೆಯಿತು. ದಾದಾಪೀರ ಕತ್ತು ಚಾಚಿ ನೋಡಿದ. ರಾಣಿಯವರ ಸೀಟಿನ ಬೆಲ್ಟು ಜೋತುಬಿದ್ದಿತ್ತು. ಅದರ ಲೋಹದ ತುದಿ ಬಾಗಿಲ ಕಂಬಕ್ಕೆ ಬಡಿಯುತ್ತಿತ್ತು. ಮೇಸ್ತ್ರಿ, ಅಣ್ಣ, ಎಲ್ಲರೂ ಇದನ್ನು ಕಂಡಿರಬೇಕು. ಮುಟ್ಟಿ ತೋರಿಸುವವರು ಯಾರು? ತೋರಿಸದಿದ್ದರೆ ಗಲ್ಲು, ತೋರಿಸಿದರೂ ಗಲ್ಲು.

"ಹೇಳು," ಎಂದರು ದೊರೆ. "ಅವಳೇ ಅಲ್ಲವೇ? ಏನನ್ನುತ್ತಾಳೆ?"

ಸುಖವಾಗಿರಿ ಅನ್ನುತ್ತಾರೆ ಎಂದುಬಿಟ್ಟರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮುಂದಿನ ಗುಂಡಿಗೆ ದೊರೆ ಮತ್ತೆ ಕೇಳುವರು, ಮತ್ತೊಬ್ಬ ಸೆರೆಗೆ ಹೋಗುವನು. ದಾದಾಪೀರ ಕಣ್ಣು ಮುಚ್ಚಿ, ಕೈ ಚಾಚಿ, ಆ ಬೆಲ್ಟು ಹಿಡಿದ.

ಸದ್ದು ನಿಂತಿತು.

"ರಾಣಿಯವರಲ್ಲ, ದೊರೆ. ಅವರು ಇದನ್ನು ಕಟ್ಟಿಕೊಂಡು ಕೂತಿದ್ದಷ್ಟು ದಿನ ಇದು ಸುಮ್ಮನಿತ್ತು. ಈಗ ಕಟ್ಟಿಕೊಳ್ಳುವವರಿಲ್ಲ. ಅಷ್ಟೇ."

ದೊರೆ ಕಾರು ನಿಲ್ಲಿಸಿದರು. ದಾದಾಪೀರ ಬೆಲ್ಟು ಬಿಡಲಿಲ್ಲ. ದೊರೆ ಅದನ್ನು ಅವನ ಕೈಯಿಂದ ಬಿಡಿಸಿಕೊಂಡು, ಖಾಲಿ ಸೀಟಿನ ಮೇಲೆ ಎಳೆದು, ತಾವೇ ಸಿಕ್ಕಿಸಿದರು. ಏನು ಬೇಕೆಂದು ಕೇಳಿದರು.

"ಸೆರೆಯಲ್ಲಿ ಇರೋರೆಲ್ಲ ಬೇಕು, ದೊರೆ. ಬರೇ ನನ್ನಣ್ಣ ಅಲ್ಲ."

ಕಾರು ನೇರ ಸೆರೆಮನೆಗೆ ಹೋಯಿತು. ಜೋಯಿಸನೂ ಮೇಸ್ತ್ರಿಯೂ ನಡೆದೇ ಮನೆ ಸೇರಿದರು. ಇಮಾಮಸಾಬ ತಮ್ಮನ ಪಕ್ಕ ಹಿಂದೆ ಕೂತ. ಪಿಂಜಾರರ ಓಣಿ ಮುಟ್ಟುವ ತನಕ ಗುಂಡಿಗಳೇನೂ ಕಡಿಮೆಯಿರಲಿಲ್ಲ. ಕಾರಿನೊಳಗೆ ಕೇಳಿಸಿದ್ದು ಒಂದೇ ಸದ್ದು: ದೊರೆ ಅಳುತ್ತಿದ್ದರು. ಅದನ್ನು ನಿಲ್ಲಿಸಲು ಯಾರೂ ಹೋಗಲಿಲ್ಲ.