ನವಿಲು ಸೆರಗಿನ ಹರಕು

"ಕೇಳಿರಿ, ಕೇಳಿರಿ! ರಾಜಕುಮಾರಿ ಹೊನ್ನಲದೇವಿ ಮೂರು ಒಗಟು ಕೇಳುತ್ತಾರೆ. ಒಡೆದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿದ್ದೇ ತಡ, ರೇಷ್ಮೆ ನೇಯುವ ಮಾದಯ್ಯ ಮಗ್ಗ ಬಿಟ್ಟೆದ್ದ. ಅರಮನೆಯ ನೇಕಾರನಾಗಬೇಕೆಂಬ ಹುಚ್ಚು ಅವನಿಗೆ. ತಮ್ಮ ಬೊಮ್ಮಣ್ಣ ಬೇಡವೆಂದರೂ ಕೇಳಲಿಲ್ಲ. ಹರಿದ ಸೀರೆಗೆ ರಫು ಮಾಡುವವನ ಮಾತು ಯಾರು ಕೇಳುತ್ತಾರೆ? ಬೊಮ್ಮಣ್ಣ ಅಣ್ಣನ ಬುತ್ತಿಗಂಟು ಹೊತ್ತು ಹಿಂದೆಯೇ ಹೋಗಿ ಸಭೆಯ ಬಾಗಿಲಲ್ಲಿ ಕೂತ.

"ಹಸಿರು ಉಂಡು ಬಾಗಿಲಿಲ್ಲದ ಮನೆ ಕಟ್ಟಿದ. ಆ ಮನೆಯನ್ನು ಬಿಚ್ಚಿ ನಾನು ಉಟ್ಟಿದ್ದೇನೆ. ಯಾರವನು?" ಎಂದಳು ರಾಜಕುಮಾರಿ.

ಸಾಲಿನ ಮುಂದಿದ್ದ ವರ್ತಕ "ಬಸವನಹುಳು" ಎಂದ. ಚಿಪ್ಪು ಉಟ್ಟವಳನ್ನು ಅವನೆಲ್ಲಿ ಕಂಡಿದ್ದನೋ! ಭಟರು ಹಿಡಿದುಕೊಂಡರು. ಅವನ ಹಿಂದಿದ್ದ ಪಂಡಿತ "ರೇಷ್ಮೆಹುಳು" ಎಂದು ಗೆದ್ದ.

"ಮಾಡುವವನಿಗೆ ಬೆನ್ನು, ಕೊಂಡವನಿಗೆ ಮುಖ. ಅದೇನು?"

"ಕನ್ನಡಿ" ಎಂದು ಪಂಡಿತ ಎಡವಿ ಭಟರ ಕೈಗೆ ಸಿಕ್ಕ. ಅವನ ಹಿಂದಿದ್ದ ಮಾದಯ್ಯ ನಕ್ಕ. "ಜರಿಹೂವಿನ ಸೀರೆ, ಅಮ್ಮಣ್ಣಿ. ನೇಯುವಾಗ ಹೂವಿನ ಮುಖ ನೆಲ ನೋಡ್ತದೆ. ನಮಗೆ ಕಾಣೋದು ಬರೀ ಒಳಮೈ."

"ಸರಿ. ಕಂಡರೆ ಬೈಗುಳ, ಕಾಣದಿದ್ದರೆ ಹೊಗಳಿಕೆ. ಯಾವ ಕೆಲಸ?"

ಮಾದಯ್ಯ ಕೊನೆಗೆ "ಕಳ್ಳತನ" ಎಂದ. ಅಲ್ಲವೆಂದಳು.

ಭಟರು ಅಣ್ಣನ ಕೈ ಕಟ್ಟುವಾಗ ಬೊಮ್ಮಣ್ಣ ಬುತ್ತಿ ಅಲ್ಲೇ ಬಿಟ್ಟು ಎದ್ದು ಬಂದ. "ರಫು, ಅಮ್ಮಣ್ಣಿ. ಹರಕು ಮುಚ್ಚಿದ್ದು ಕಂಡ್ರೆ ಬೈತಾರೆ. ಕಾಣದಿದ್ರೆ ಭೇಷ್ ಅಂತಾರೆ."

"ಕಾಣದ ರಫು ಎಲ್ಲಾದರೂ ಉಂಟೇ? ತೋರಿಸು, ಇಲ್ಲವೇ ನಿನ್ನ ತಲೆಯೂ ಹೋಯಿತು" ಎಂದ ಸಿಂಹಾಸನದಲ್ಲಿದ್ದ ರಾಜ.

ಬೊಮ್ಮಣ್ಣ ತಲೆಯೆತ್ತಿದ. ರಾಜಕುಮಾರಿಯ ಹೆಗಲ ಮೇಲಿದ್ದ ನವಿಲು ಸೆರಗು ಅವನೇ ಸರಿಮಾಡಿದ್ದು. ಹರಕಿನ ತಪ್ಪು ತನ್ನ ಮೇಲೆ ಬರುತ್ತದೆಂದು ಹೆದರಿ ಕದ್ದುಮುಚ್ಚಿ ಅದನ್ನು ಅವನ ಬಳಿ ತಂದಿದ್ದ ದಾಸಿ ಅಲ್ಲೇ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದಳು. ಯಾರಿಗೂ ಹೇಳುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದ. ಬೆರಳು ತೋರಿಸಿದರೆ ಅಣ್ಣ ಉಳಿಯುತ್ತಾನೆ, ಅವಳು ಹೋಗುತ್ತಾಳೆ.

"ತೋರ್ಸೋ ಹಾಗಿದ್ರೆ ಅದು ರಫೂನೇ ಅಲ್ಲ, ಬುದ್ಧೀ" ಎಂದ.

ರಾಜಕುಮಾರಿ ನಕ್ಕುಬಿಟ್ಟಳು. "ಅಪ್ಪಾಜಿ, ಇದೇ ಉತ್ತರ. ಈ ಸೆರಗನ್ನು ಕೇದಗೆ ಮುಳ್ಳಿಗೆ ಸಿಕ್ಕಿಸಿ ಹರಿದವಳು ನಾನೇ. ಎರಡು ದಿನ ಬಿಟ್ಟು ನೋಡಿದರೆ ಹರಕೇ ಇಲ್ಲ. ಆ ಕೈ ಯಾರದೆಂದು ತಿಳಿಯಲೆಂದೇ ಒಗಟು ಹೂಡಿದೆ. ತಲೆಯ ಮಾತು ಸೇರಿಸಿದ್ದು ನೀವು." ದಾಸಿ ಉಸಿರು ಬಿಟ್ಟಳು.

ಬೊಮ್ಮಣ್ಣ ಬೇಡಿದ್ದು ಅಣ್ಣನ ತಲೆ ಉಳಿಸಿ ಎಂದು, ಜೊತೆಗೆ ಉಳಿದಿಬ್ಬರದೂ. ರಾಜ ಒಪ್ಪಿದ.

"ನಿನಗೇನೂ ಬೇಡವೇ?" ಎಂದಳು ರಾಜಕುಮಾರಿ.

"ಬೆಳಕು ಚೆನ್ನಾಗಿ ಬೀಳೋ ಒಂದು ಕಿಟಕಿ ಕೊಡ್ಸಿ, ಸಾಕು."

ಅರಮನೆಯ ಮೂಡಣ ಕಿಟಕಿ ಅವನದಾಯಿತು. ಪಕ್ಕದಲ್ಲೇ ಮಾದಯ್ಯನ ಮಗ್ಗವೂ ಬಂತು. ಹೊನ್ನಲದೇವಿ ತಲೆ ನರೆತ ಮೇಲೂ ಆ ಕಿಟಕಿಗೆ ಬಂದು, ಸೆರಗನ್ನು ಬೆಳಕಿಗೆ ಹಿಡಿದು ಹರಕಿನ ಜಾಗ ಹುಡುಕುತ್ತಿದ್ದಳಂತೆ. ಸಿಗಲೇ ಇಲ್ಲ. ಬೊಮ್ಮಣ್ಣನೂ ಹೇಳಲಿಲ್ಲ.