ಬಿಲ ಕಳೆದುಕೊಂಡ ಏಡಿ

ಶ್ರೀಕರ ನಾಲ್ಕು ವರ್ಷದಲ್ಲಿ ಐದು ಗುರುಗಳನ್ನು ಬಿಟ್ಟವನು. ಆರನೆಯವರು ಹೊಳೆ ಸಮುದ್ರ ಸೇರುವ ಕಡೆ ಗುಡಿಸಲು ಕಟ್ಟಿಕೊಂಡಿದ್ದ ಒಬ್ಬ ಮುದುಕರು. ಕಾಲಿಗೆ ಚಕ್ರ ಕಟ್ಟಿಕೊಂಡವನು ಅಲ್ಲಾದರೂ ನಿಂತಾನೆಯೇ? ಎಂಟನೇ ತಿಂಗಳಿಗೆ ಗಂಟುಮೂಟೆ ಕಟ್ಟಿದ.

"ಗುರುಗಳೇ, ಇಲ್ಲಿ ನನಗೆ ಏನೂ ಸಿಗ್ತಾ ಇಲ್ಲ. ಘಟ್ಟದ ಮೇಲೆ ಒಬ್ಬರು ದೊಡ್ಡವರಿದ್ದಾರಂತೆ. ಹೊರಡ್ತೇನೆ."

"ದೋಣಿ ಬರೋದು ಉಬ್ಬರಕ್ಕೆ. ಅಲ್ಲಿವರೆಗೆ ಆ ಕೆಸರಲ್ಲಿ ಏಡಿ ಎಷ್ಟಿವೆ ಅಂತ ಎಣಿಸಿ ಹೇಳು."

ನೀರಿಳಿದ ದಡದ ತುಂಬ ಪುಟ್ಟ ಏಡಿಗಳು. ಗಂಡುಗಳಿಗೆ ಒಂದು ಕೈ ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಬೀಸಿ ಬೀಸಿ ಹೆಣ್ಣುಗಳನ್ನು ಕರೆಯುತ್ತಿದ್ದವು. ಶ್ರೀಕರ ದಡದಡನೆ ಇಳಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಬಿಲ ಸೇರಿದವು.

ಅವನು ಬಿಲಗಳನ್ನೇ ಎಣಿಸಿಕೊಂಡು ಬಂದ. "ಇನ್ನೂರ ಹನ್ನೊಂದು."

"ಎಲ್ಲದರಲ್ಲೂ ಏಡಿ ಇದೆಯೋ?"

ಮತ್ತೆ ಹೋಗಿ ಒಂದು ಬಿಲವನ್ನು ಕೋಲಿನಿಂದ ಬಗೆದ. ಮೊಣಕೈ ಆಳದಲ್ಲಿ ಏಡಿ ಸಿಕ್ಕಿತು. ಬಿಲ ಕುಸಿಯಿತು.

ಏಡಿ ಪಕ್ಕದ ಬಿಲಕ್ಕೆ ಓಡಿತು. ಒಳಗಿದ್ದದ್ದು ದೊಡ್ಡ ಕೈಯಿಂದ ಆಚೆ ನೂಕಿತು. ಇನ್ನೊಂದಕ್ಕೆ ಓಡಿತು. ಅಲ್ಲೂ ಅದೇ ಗತಿ.

ಅಷ್ಟರಲ್ಲಿ ನೀರು ಏರತೊಡಗಿತು. ಉಳಿದ ಏಡಿಗಳು ಕೆಸರಿನ ಉಂಡೆ ಎಳೆದುಕೊಂಡು ಬಾಗಿಲು ಮುಚ್ಚಿಕೊಂಡವು.

ಶ್ರೀಕರ ಗುಡಿಸಲಿನ ಕಡೆ ತಿರುಗಿ ಕೂಗಿದ. "ಗುರುಗಳೇ, ನನ್ನಿಂದ ಅದು ಬೀದಿಪಾಲಾಯ್ತು! ಏನಾದರೂ ಮಾಡಿ."

ಗುರುಗಳು ಪಂಚೆ ಎತ್ತಿ ಕಟ್ಟಿಕೊಂಡು ಬಂದು ಅವನ ಪಕ್ಕ ನಿಂತರು. "ನೀರಿನ ಜೊತೆ ಮೀನೂ ಬರುತ್ತವೆ. ಹೊರಗೆ ಇದ್ದರೆ ತಿಂದುಬಿಡ್ತವೆ," ಎಂದರು. ಅಷ್ಟೇ. ಮತ್ತೇನೂ ಮಾಡಲಿಲ್ಲ.

"ಎತ್ತಿ ಆಚೆ ದಡಕ್ಕೆ ಬಿಡಲೇ?"

"ಅಲ್ಲಿ ಖಾಲಿ ಬಿಲ ಇದೆಯೋ?"

ಶ್ರೀಕರ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ.

ಏಡಿ ಓಡುವುದನ್ನು ಬಿಟ್ಟಿತು. ನಿಂತಲ್ಲೇ ಅಗೆಯತೊಡಗಿತು. ಕೆಸರು ತಂದು ಹೊರಗೆ ಹಾಕಿತು, ಮತ್ತೆ ಒಳಗೆ ಹೋಯಿತು.

"ಬೇಗ, ಬೇಗ," ಎಂದು ಶ್ರೀಕರ ಏಡಿಗೆ ಹೇಳುತ್ತಿದ್ದ. ನೀರು ಅವನ ಪಾದ ಮುಟ್ಟಿತು, ಕಣಕಾಲಿಗೆ ಬಂತು. ಕೆಸರು ಕದಡಿ ಏನೂ ಕಾಣದಾಯಿತು.

"ಬಾಗಿಲು ಮುಚ್ಚಿಕೊಂಡಿತಾ? ನೀವು ನೋಡಿದಿರಾ?"

"ಇಲ್ಲ."

ದೋಣಿ ದಡಕ್ಕೆ ತಾಗಿತು. "ಹ್ವಾಯ್, ಬತ್ರ್ಯಾ ಇಲ್ಯಾ?" ಎಂದು ಅಂಬಿಗ ಕೂಗಿದ.

ಶ್ರೀಕರ ದೋಣಿ ನೋಡಿದ. ನೀರು ನೋಡಿದ. ಗಂಟು ಹೆಗಲ ಮೇಲೆಯೇ ಇತ್ತು.

"ಅದು ಉಳಿಯಿತೋ ಇಲ್ಲವೋ, ಹೇಗೆ ಗೊತ್ತಾಗೋದು ಗುರುಗಳೇ?"

"ನೀರು ಇಳಿದ ಮೇಲೆ ಗೊತ್ತಾಗುತ್ತೆ," ಎಂದರು ಗುರುಗಳು. "ಇಲ್ಲಿ ಇದ್ದವರಿಗೆ."