ಕೂಸಿನ ರಕ್ತ ಮೊದಲೇ ಹೇಳಿದ್ದು

ಶಿಷ್ಯೆ ಗುರುಗಳನ್ನು ಕೇಳಿದಳು: "ದಿನ ತುಂಬುವ ಮೊದಲೇ ಹುಟ್ಟಿದ ಒಂದು ಮಗು ಇಂದು ಚೆನ್ನಾಗಿದೆ. ಅದರ ರಕ್ತದ ವರದಿ ಚೆನ್ನಾಗಿಲ್ಲ. ಕಾಯಿಲೆ ಇನ್ನೂ ಬಂದಿಲ್ಲ. ಬಂದರೆ ಗುಣಪಡಿಸುವ ಭರವಸೆಯೂ ನಮಗಿಲ್ಲ. ತಾಯಿಗೆ ಇವತ್ತೇ ಏಕೆ ಹೇಳಬೇಕು?"

ಗುರುಗಳು ಎಳೆಗೂಸುಗಳ ವೈದ್ಯರು. ಅವಳು ಅವರ ಬಳಿ ಕಲಿಯುತ್ತಿದ್ದಳು. ಅವರು ಒಂದು ಕತೆ ಹೇಳಿದರು.

ಒಬ್ಬ ನೇಕಾರನ ಹೆಂಡತಿ ಒಂದು ಮಧ್ಯಾಹ್ನ ಎಂದಿನಂತೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಏಳನೆಯ ತಿಂಗಳು ಇನ್ನೂ ತುಂಬಿರಲಿಲ್ಲ. ಹೊಟ್ಟೆ ನೋಯತೊಡಗಿತು. ಸಂಜೆಯೊಳಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು.

"ಎಲ್ಲಾದಕ್ಕೂ ಅವಸರ ನಿಂದು. ಅರ್ಧ ನೇಯ್ದ ಸೀರಿ ಮಗ್ಗದಿಂದ ಇಳಿಸಿದಂಗಾತು," ಎಂದಳು ಅತ್ತೆ.

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ದಿನ ತುಂಬದ ಕೂಸನ್ನು, ಅದು ಹುಟ್ಟಬೇಕಾಗಿದ್ದ ದಿನ ಬರುವವರೆಗೆ, ತಾಯಿ ಎತ್ತಿಕೊಳ್ಳಬಾರದು. ಹಚ್ಚಿಕೊಂಡರೆ, ಹೋದಾಗ ತಡೆಯಲಾರಳು ಎಂದು. ಸೊಸೆ ಒಪ್ಪಿದಳು. ಅವಳು ಹಾಲು ಹಿಂಡಿ ಕೊಡುತ್ತಿದ್ದಳು. ನರ್ಸು ನಳಿಕೆಯಲ್ಲಿ ಕುಡಿಸುತ್ತಿದ್ದಳು. ಮಗು ಕೆಂಪಗಿತ್ತು, ಕೈಕಾಲು ಆಡಿಸುತ್ತಿತ್ತು. ಕೂಸುಗಳ ಕೋಣೆಯ ಗಾಜಿನ ಈಚೆ ಕೂತು ಕಾಯುವುದು ಅವಳಿಗೆ ಕಷ್ಟವೆನಿಸಲಿಲ್ಲ.

ವೈದ್ಯ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಪರೀಕ್ಷಿಸಿದ. ಹೃದಯಕ್ಕೆ ಹೊರೆ ಹೆಚ್ಚಾದಾಗ ರಕ್ತದಲ್ಲಿ ಏರುವ ಒಂದು ಅಂಶವಿದೆ. ಅದು ಬಹಳ ಏರಿತ್ತು. ಅವನು ಅತ್ತೆ ಸೊಸೆ ಇಬ್ಬರನ್ನೂ ಕರೆದು ಹೇಳಿದ: "ಇದು ಸೂಚನೆ ಅಷ್ಟೇ, ತಪ್ಪಲೂಬಹುದು. ಮುಂದೆ ಶ್ವಾಸಕೋಶದ ರಕ್ತನಾಳಗಳು ಬಿಗಿಯಬಹುದು, ಹೃದಯ ದಣಿಯಬಹುದು. ಈಗಿನಿಂದಲೇ ನೋಡಿಕೊಳ್ಳುತ್ತೇವೆ. ಉಳಿಯುತ್ತದೆ ಎಂದು ಮಾತು ಕೊಡಲಾರೆ."

"ಕೇಳಿದೇನ? ಮುಟ್ಟದಿದ್ದದ್ದು ಚಲೋ ಆತು," ಎಂದಳು ಅತ್ತೆ.

ಸೊಸೆ ಕೈ ತೊಳೆದುಕೊಂಡು ಒಳಗೆ ಹೋದಳು. ಮಗುವನ್ನು ಎದೆಗೆ ಕೊಡಿರೆಂದು ನರ್ಸನ್ನು ಕೇಳಿದಳು. ಅಂದಿನಿಂದ ದಿನವೂ ಅದು ಅವಳ ಎದೆಯ ಮೇಲೆ, ಮೈಗೆ ಮೈ ತಾಗಿ ಮಲಗಿತು. ಅತ್ತೆ ಬಾಗಿಲಲ್ಲಿ ನಿಂತು ಬೈದಳು. ಕೆಲವು ದಿನಗಳ ಮೇಲೆ ಬೈಯುವುದನ್ನು ಬಿಟ್ಟು, "ಯಾರ ಮೂಗು ಅದು? ನಮ್ಮ ಕಡೀದಲ್ಲ ಬಿಡು," ಎಂದಳು. ಆಮೇಲೆ ತಾನೂ ಕೈ ತೊಳೆದುಕೊಂಡು ಬಂದಳು.

ರಕ್ತ ಹೇಳಿದ್ದ ಕಾಯಿಲೆ ಬಂತು. ವೈದ್ಯರು ಸಿದ್ಧರಿದ್ದರು. ಅದರಿಂದ ಮಗು ಇನ್ನೂ ಕೆಲವು ವಾರ ಬದುಕಿತು. ಹುಟ್ಟಬೇಕಾಗಿದ್ದ ದಿನ ಬರುವ ಮೊದಲೇ ತೀರಿಕೊಂಡಿತು.

ತಿಂಗಳಾದ ಮೇಲೆ ಸೊಸೆ ಆಸ್ಪತ್ರೆಗೆ ಬಂದು ವೈದ್ಯನಿಗೆ ಕೈ ಮುಗಿದಳು. ಅವನು ತಲೆ ಎತ್ತಲಿಲ್ಲ.

"ನಿನ್ನ ಮಗುವನ್ನು ಉಳಿಸಲು ನನ್ನಿಂದ ಆಗಲಿಲ್ಲ, ತಾಯಿ."

"ಅದು ನನಗೂ ಗೊತ್ತೈತ್ರಿ. ಆದ್ರ ನೀವು ಬಾಯಿಬಿಟ್ಟು ಹೇಳಿದ್ರಲ್ಲ, ಅದಕ್ಕ ಬಂದೆ. ನೀವು ಸುಮ್ಮನಿದ್ದಿದ್ರ ನಾನು ಆ ಗಾಜಿನ ಈಚೀಗೆ ಕುಂತಿರತಿದ್ದೆ."

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಆದರೂ ಮಗು ಹೋಯಿತಲ್ಲ. ಆಕೆಗೆ ಸಿಕ್ಕಿದ್ದೇನು?"

ಗುರುಗಳು ಹೇಳಿದರು: "ಹಾಲು ಕುಡಿದ ಮೇಲೆ ತನ್ನ ಮಗಳಿಗೆ ಸಣ್ಣಗೆ ಬಿಕ್ಕಳಿಕೆ ಬರುತ್ತಿತ್ತೆಂಬುದು ಆಕೆಗೆ ಗೊತ್ತಿದೆ."